ವಾಲುವವರೂ ಜಾರುವವರೂ

ಅಮೆರಿಕಕ್ಕೆ ಹೊರಟ ಹುಡುಗರು ಜಿಆರ್‌ಇ ಪರೀಕ್ಷೆಗೆ ಉರು ಹೊಡೆಯುವ ಪದಪಟ್ಟಿಯನ್ನು ಒಮ್ಮೆ ನೋಡಬೇಕು. ಪೆಂಚಂಟ್, ಪ್ರೊಪೆನ್ಸಿಟಿ, ಪ್ರೊಕ್ಲಿವಿಟಿ, ಪ್ರೆಡಿಲೆಕ್ಷನ್. ನಾಲ್ಕರ ಮುಂದೆಯೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಅರ್ಥ ಒಂದೇ: ಒಲವು. ಅಣ್ಣತಮ್ಮಂದಿರೇ ಇರಬಹುದು ಸ್ವಾಮಿ, ಆದರೆ ಪಾಲಾಗಿ, ಬೇರೆ ಬೇರೆ ಒಲೆ ಹೂಡಿ ಎಷ್ಟೋ ಕಾಲವಾಯಿತು!

ಪ್ರೊಕ್ಲಿವಿಟಿಯನ್ನೇ ತೆಗೆದುಕೊಳ್ಳಿ. ಅದರ ಹೊಟ್ಟೆಯೊಳಗಿನ ಲ್ಯಾಟಿನ್ ಮಾತಿಗೆ ಇಳಿಜಾರು ಎಂದರ್ಥ. ಇಳಿಜಾರಿನಲ್ಲಿ ಬಿಟ್ಟದ್ದು ಮೇಲಕ್ಕೆ ಹೋದೀತೇ? ಹಾಗಾಗಿ ಕುಡಿತ, ಜೂಜು, ಸುಳ್ಳು, ಪಕ್ಕದ ಮನೆಯ ಗೋಡೆಗೆ ಕಿವಿಯಿಡುವುದು ಮುಂತಾದ ಘನಕಾರ್ಯಗಳಿಗೇ ಇದರ ಬಳಕೆ ಹೆಚ್ಚು. ಶಿಫಾರಸು ಪತ್ರದಲ್ಲಿ 'ಈತನಿಗೆ ಗಣಿತದ ಪ್ರೊಕ್ಲಿವಿಟಿ ಇದೆ' ಎಂದು ಬರೆದು ನೋಡಿ. ಹುಡುಗ ಲೆಕ್ಕದ ಪುಸ್ತಕವನ್ನು ಹಾಸಿಗೆಯಡಿ ಬಚ್ಚಿಟ್ಟು ಕದ್ದು ಓದುತ್ತಾನೇನೋ ಎಂದುಕೊಂಡಾರು ಅಲ್ಲಿಯ ಪ್ರೊಫೆಸರು.

ಪೆಂಚಂಟ್ ಫ್ರೆಂಚರ ಕಡೆಯದು. ವಾಲುವುದು ಎಂಬ ಮಾತಿನಿಂದ ಬಂದದ್ದು. ವಾಲಿದರೂ ಠೀವಿಯಿಂದ ವಾಲುತ್ತದೆ. ಬ್ರಿಟಿಷರು ಅದರ ಬಾಲದ ಟಕಾರವನ್ನು ನುಂಗಿ ಮೂಗಿನಲ್ಲಿ 'ಪಾಂಶಾಂ' ಎನ್ನುತ್ತಾರೆ. ಅಮೆರಿಕದವರು ಅಕ್ಷರಕ್ಕಕ್ಷರ ಒದರುತ್ತಾರೆ. ಉಳ್ಳವನಿಗೆ ರೇಷ್ಮೆ ಟೈ ಕಂಡರೆ ಪೆಂಚಂಟ್. ಇಲ್ಲದವನು ಅದನ್ನೇ ಸಾಲ ಮಾಡಿ ಕಟ್ಟಿಕೊಂಡರೆ ಶೋಕಿ.

ಪ್ರೊಪೆನ್ಸಿಟಿಗೆ ಪ್ರೀತಿಯ ಹಂಗೇ ಇಲ್ಲ. ಕಬ್ಬಿಣಕ್ಕೂ ತುಕ್ಕು ಹಿಡಿಯುವ ಪ್ರೊಪೆನ್ಸಿಟಿ ಇದೆ, ಹಾಗಂತ ಅದೇನು ತುಕ್ಕಿಗೆ ಮನಸೋತಿತ್ತೇ? ಅರ್ಥಶಾಸ್ತ್ರದವರಿಗಂತೂ ಈ ಪದ ಕಂಡರೆ ಪ್ರಾಣ. 1776ರಲ್ಲಿ ಆಡಂ ಸ್ಮಿತ್ ತನ್ನ 'ವೆಲ್ತ್ ಆಫ್ ನೇಷನ್ಸ್'ನಲ್ಲಿ ಮನುಷ್ಯನ ಕೊಡು-ಕೊಳ್ಳುವ ಬುದ್ಧಿಗೆ ಇದನ್ನೇ ಬಳಸಿದ. ಎರಡು ನಾಯಿಗಳು ಎಲುಬು ಅದಲುಬದಲು ಮಾಡಿಕೊಂಡದ್ದನ್ನು ಕಂಡವರಿಲ್ಲ ಎಂದೂ ಸೇರಿಸಿದ. (ಕೊಟ್ಟಿದ್ದನ್ನು ಕಂಡವರಿಲ್ಲ, ಕಿತ್ತುಕೊಂಡದ್ದನ್ನು ಎಲ್ಲರೂ ಕಂಡಿದ್ದೇವೆ.) 1936ರಲ್ಲಿ ಕೇನ್ಸ್ ಮಹಾಶಯ, ಬಂದ ಆದಾಯವನ್ನು ಖರ್ಚು ಮಾಡುವ ನಮ್ಮ ಗುಣಕ್ಕೂ ಅದೇ ಹೆಸರಿಟ್ಟ. ಸಂಬಳದ ದಿನ ಸಂಜೆ ಯಾವುದಾದರೂ ದರ್ಶಿನಿಯ ಮುಂದೆ ನಿಂತರೆ, ಕೇನ್ಸ್‌ನನ್ನು ಓದದೆಯೂ ಈ ಸಿದ್ಧಾಂತ ತಲೆಗೆ ಹತ್ತುತ್ತದೆ.

ಪ್ರೆಡಿಲೆಕ್ಷನ್ ಬಿಡಿ, ಅದು ಬರೆಯುವವರ ಸೊತ್ತು. ತೂಗಿ ನೋಡುವ ಮೊದಲೇ ಮನಸ್ಸು ಕೊಟ್ಟುಬಿಟ್ಟಿರುವುದು, ಅಷ್ಟೇ.

ಈ ನಾಲ್ವರ ನೆಂಟ, ಅಕ್ಕರೆಯ ಅರ್ಥದ ಫಾಂಡ್ ಎಂಬ ಪಾಪದ ಪದಕ್ಕೆ ಒಂದು ಕಾಲದಲ್ಲಿ ಪೆದ್ದ ಎಂಬ ಅರ್ಥವಿತ್ತು. ಮೊಮ್ಮಗ ಗೋಡೆಗೆ ಗೀಚಿದ್ದನ್ನು ರವಿವರ್ಮನ ಚಿತ್ರಕ್ಕೆ ಹೋಲಿಸುವ ಅಜ್ಜಂದಿರನ್ನು ನೋಡಿದರೆ, ಆ ಅರ್ಥ ಪೂರ್ತಿ ಹೋಯಿತು ಎನ್ನಲು ನನಗೆ ಧೈರ್ಯ ಸಾಲದು.

ಪಾರ್ಷಿಯಲ್ ಇನ್ನೂ ಮಜಾ. ನ್ಯಾಯಾಧೀಶರು ಪಾರ್ಷಿಯಲ್ ಆದರೆ ಅನಾಹುತ, ತಿಂಡಿಗೆ ಪಾರ್ಷಿಯಲ್ ಆದರೆ ಮುದ್ದು. ನಮ್ಮ ಚಿಕ್ಕಪ್ಪನಿಗೆ ಈ ಗುಟ್ಟು ಗೊತ್ತು. ರಕ್ತಪರೀಕ್ಷೆಯ ಚೀಟಿ ಹಿಡಿದು ಡಾಕ್ಟರ ಮುಂದೆ ಕೂತು, "ಮೈಸೂರುಪಾಕಿಗೆ ನಾನು ಸ್ವಲ್ಪ ಪಾರ್ಷಿಯಲ್ಲು ಸಾರ್" ಎಂದರು. ಡಾಕ್ಟರು ಕನ್ನಡಕ ಏರಿಸಿಕೊಂಡು, "ಸಕ್ಕರೆ ಕಾಯಿಲೆಗೆ ನೀವು ತುಂಬಾ ಪ್ರೋನ್ ಇದೀರಿ ರಾಯರೇ" ಎಂದರು. ಬೇಡದ್ದರ ಮೇಲೇ ಹೋಗಿ ಬೋರಲು ಬೀಳುವ ಜಾತಿ ಈ ಪ್ರೋನ್. ಪಕ್ಕದಲ್ಲಿದ್ದ ಚಿಕ್ಕಮ್ಮ ಅದುವರೆಗೂ ಬಾಯಿ ಬಿಟ್ಟಿರಲಿಲ್ಲ.

"ಅಷ್ಟೊಂದು ಯಾಕೆ ಡಾಕ್ಟ್ರೇ, ಬಾಯಿಚಪಲ ಅಂತ ಬರ್ಕೊಳ್ಳಿ."