ಕಾದಂಬರಿ ಅಕ್ಕನ ಮೇ ರಜೆ

ಮುಂಬಯಿ ಸೀಮೆಯಲ್ಲಿ ನಾಲ್ಕು ಕನ್ನಡ ಮನೆಗಳಿರುವ ಯಾವ ಹೌಸಿಂಗ್ ಸೊಸೈಟಿಗೆ ಹೋದರೂ ಅಲ್ಲೊಬ್ಬರು ಕಾದಂಬರಿ ಅಕ್ಕ ಇದ್ದೇ ಇರುತ್ತಾರೆ. ಕಾಮೋಠೆಯ ನಮ್ಮ ಸೊಸೈಟಿಯಲ್ಲಿ ಅವರು ಬಿ ವಿಂಗಿನ ಮೂರನೇ ಮಾಳಿಗೆಯಲ್ಲಿದ್ದಾರೆ. ಸ್ವಂತ ಹೆಸರು ಲೈಟ್ ಬಿಲ್ಲಿಗೆ, ರೇಷನ್ ಕಾರ್ಡಿಗೆ ಮಾತ್ರ. ಉಳಿದಂತೆ ವಾಚ್‌ಮನ್‌ಗೂ ಅವರು ‘ಅಕ್ಕ’ನೇ. ಊರು ಉಡುಪಿ ಕಡೆ. ಯಜಮಾನರು ಕಳಂಬೋಲಿಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ.

ಈ ಅಕ್ಕಂದಿರೆಲ್ಲ ತ್ರಿವೇಣಿಯಿಂದ ಶುರುಮಾಡಿ ಸಾಯಿಸುತೆಯವರೆಗೆ ಅರೆದು ಕುಡಿದವರು. ನಮ್ಮ ಅಕ್ಕನಿಗೆ ಮೂರು ಪುಸ್ತಕಗಳ ಮೇಲೆ ವಿಶೇಷ ಭಕ್ತಿ: ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’, ವಾಣಿಯವರ ‘ಎರಡು ಕನಸು’, ಉಷಾ ನವರತ್ನರಾಂ ಅವರ ‘ಹೊಂಬಿಸಿಲು’. ಕ್ರಮವಾಗಿ 1968, 1974, 1978ರಲ್ಲಿ ಸಿನಿಮಾ ಕೂಡ ಆದವು. ಒಂದರಲ್ಲಿ ವಿಧವೆ ಮಗಳ ಮರುಮದುವೆಯ ಪ್ರಶ್ನೆ, ಇನ್ನೊಂದರಲ್ಲಿ ಹಳೇ ಪ್ರೀತಿಯನ್ನು ಮರೆಯಲಾಗದವನು ಕಡೆಗೂ ಕಟ್ಟಿಕೊಂಡವಳ ಮುಖ ನೋಡುವುದು, ಮತ್ತೊಂದರಲ್ಲಿ ದೂರವಾದ ಗಂಡಹೆಂಡಿರು ಒಂದಾಗುವುದು. “ಮೊದಲ್ನೇ ಸಲ ಪ್ರೀತಿ ಯಾರು ಬೇಕಾದ್ರೂ ಮಾಡ್ತಾರೆ ಮಾಷ್ಟ್ರೆ, ಎರಡನೇ ಸಲದ್ದೇ ಕಾದಂಬರಿ” ಎಂಬುದು ಅಕ್ಕನ ಸಿದ್ಧಾಂತ.

ಓದಿ ಓದಿ ತುಂಬಿಕೊಂಡ ಮೇಲೆ ಬರೆಯುವುದೇ ಮುಂದಿನ ಮೆಟ್ಟಿಲು. ಅಕ್ಕ ಬರೆಯುತ್ತಿರುವುದು ಹೋಟೆಲಿನ ಹಳೇ ಬಿಲ್ ಪುಸ್ತಕಗಳ ಹಿಂಬದಿಯಲ್ಲಿ. ಒಂದು ಹಾಳೆ ತೆಗೆದು ನೋಡಿದೆ. “ನೀವು ಒಂದಿಷ್ಟೂ ಬದಲಾಗಿಲ್ಲ” ಎಂದು ನಾಯಕಿ ಕಣ್ಣು ತಗ್ಗಿಸಿದ್ದಳು. ಮಗುಚಿದರೆ, ಟೇಬಲ್ 6, ಎರಡು ಮಸಾಲೆ, ಒಂದು ವಡಾ ಸಾಂಬಾರ್. ಯಜಮಾನರು ಇಡೀ ಕಾದಂಬರಿಯನ್ನು ಮುಂಬದಿಯಿಂದ ಓದಿ, ಲೆಕ್ಕ ಸರಿಯಿದೆ ಎಂದಿದ್ದಾರಂತೆ.

ತೊಡಕು ಬಂದದ್ದು ನಾಯಕ ನಾಯಕಿಯರನ್ನು ಅಗಲಿಸುವಾಗ. ಹಿಂದಿನ ಕಾದಂಬರಿಗಳಲ್ಲಿ ಒಂದು ಕಾಗದ ಅತ್ತೆಯ ಕೈಗೆ ಸಿಕ್ಕಿದರೆ ಹತ್ತು ವರ್ಷದ ವಿರಹಕ್ಕೆ ಸಾಕಾಗುತ್ತಿತ್ತು. ಈಗ ನೀಲಿ ಟಿಕ್ ಬಿದ್ದರೆ ಓದಿದ್ದಾನೆ, ಬೀಳದಿದ್ದರೆ ಓದಿಲ್ಲ, ಅಪಾರ್ಥಕ್ಕೆ ಜಾಗವೆಲ್ಲಿ? ಅಕ್ಕ ದಾರಿ ಹುಡುಕಿದರು. ನಾಯಕ ನಂಬರ್ ಬದಲಿಸಿ ಹೊಸ ನಂಬರನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಮದುವೆಯಾಗದ ನಾಯಕಿ ಆ ಗ್ರೂಪಿನಲ್ಲಿ ಇರುವ ಹಾಗಿರಲಿಲ್ಲ. ಮುಗಿಯಿತು.

“ಆಮೇಲೆ ಇಬ್ಬರೂ ಎಂಟು ವರ್ಷ ಕಾಮೋಠೆಯಲ್ಲೇ ಇದ್ರು, ಆದ್ರೆ ಒಬ್ಬರಿಗೊಬ್ಬರು ಸಿಗ್ಲಿಲ್ಲ” ಎಂದರು.

“ಅದು ಹೇಗೆ ಸಾಧ್ಯ ಅಕ್ಕ? ಇಷ್ಟೇ ಇಷ್ಟು ಊರು!”

“ಅವ ಮಾನಸರೋವರ ಸ್ಟೇಶನ್ನಿಂದ ಹೋಗುವವ, ಅವಳು ಖಾಂದೇಶ್ವರದಿಂದ. ಹತ್ತುದು ಲೇಡೀಸ್ ಡಬ್ಬಿ. ಹೇಗೆ ಸಿಗುದು ಹೇಳಿ?”

ನಾನು ಬಾಯಿ ಮುಚ್ಚಿಕೊಂಡೆ. ಎದುರು ವಿಂಗಿನವರ ಮುಖವನ್ನು ಗಣಪತಿ ಆರತಿಯಲ್ಲಿ ಮಾತ್ರ ನೋಡುವ ನನಗೆ ವಾದಿಸುವ ನೈತಿಕ ಹಕ್ಕಿರಲಿಲ್ಲ.

ಹಾಗಾಗಿ ಅವರು ಭೇಟಿಯಾಗಲು ಮೇ ತಿಂಗಳೇ ಬರಬೇಕು. ಮುಂಬಯಿಯ ನಮ್ಮ ಕರಾವಳಿಯವರಿಗೆ ಮದುವೆ, ಮನೆ ಒಕ್ಕಲು, ಭೂತಕೋಲ, ಆಸ್ತಿ ಪಾಲು ಎಲ್ಲವೂ ಮೇ ರಜೆಯಲ್ಲೇ. ಪ್ರೇಮ ಮಾತ್ರ ಹೊರಗುಳಿಯುವುದು ಯಾವ ನ್ಯಾಯ? “ಇಲ್ಲಿ ಜಗಳ ಮಾಡ್ಲಿಕ್ಕೇ ಪುರ್ಸೊತ್ತಿಲ್ಲ ಮಾಷ್ಟ್ರೆ, ರಾಜಿ ಯಾವಾಗ ಆಗುದು?” ಎಂದು ಅಕ್ಕ ಕೇಳಿದಾಗ, ತಮಾಷೆ ಹುಡುಕುತ್ತಿದ್ದ ನಾನು ತಲೆ ತೂಗಿದೆ. ಬೆಳಗಿನ ಲೋಕಲ್ ಹಿಡಿದು ಹೋದವರು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಊರಿನಲ್ಲಿ ಪ್ರೀತಿಗೆ ಖಳನಾಯಕ ಬೇಕಾಗಿಲ್ಲ, ಟೈಮ್‌ಟೇಬಲ್ ಸಾಕು.

1998ರಲ್ಲಿ ಕೊಂಕಣ ರೈಲು ಪೂರ್ತಿಯಾದದ್ದೇ ತನ್ನ ಕಾದಂಬರಿಗಾಗಿ ಎಂಬಂತೆ ಅಕ್ಕ ಇಬ್ಬರನ್ನೂ ಪನ್ವೆಲಿನಲ್ಲಿ ಮತ್ಸ್ಯಗಂಧಾ ಹತ್ತಿಸಿದರು, ಒಂದೇ ಬೋಗಿಗೆ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್. ಅಷ್ಟು ಸಾಲದೆಂದು ಬೋಗಿಯ ದೀಪವನ್ನೂ ಕೆಡಿಸಿದರು. ಎಂಟು ವರ್ಷದ ಮೇಲೆ, ಕತ್ತಲಲ್ಲಿ, ಎದುರುಬದುರು! ನಾನು ಕುತೂಹಲದಿಂದ ಹಾಳೆ ಮಗುಚಿದೆ. ನಾಯಕ ಮೊಬೈಲ್ ಟಾರ್ಚ್ ಹಾಕಿ, “ಯಾರಿಗಾದರೂ ನೀರು ಬೇಕಾ?” ಎಂದು ಇಡೀ ಬೋಗಿಯನ್ನು ಕೇಳಿದ್ದ.

ಅಕ್ಕನ ಕಷ್ಟ ಅಕ್ಕನಿಗೆ. ಅಚ್ಚಾದ ಮೇಲೆ ಊರಿನಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಓದುತ್ತಾರೆ. ಸಂಘದ ಮಹಿಳಾ ವಿಭಾಗದವರು ಶಾಲು ಹೊದಿಸುವ ಮೊದಲು ಓದುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದಾರೆ, ಬೀಗರಾಗುವವರೂ ಓದಿಯಾರು. ಸೆನ್ಸಾರ್ ಮಂಡಳಿಯಾದರೆ ‘ಎ’ ಸರ್ಟಿಫಿಕೇಟ್ ಕೊಟ್ಟಾದರೂ ಬಿಡುತ್ತದೆ, ಇವರು ಬಿಡುವವರಲ್ಲ. ಹೀಗಾಗಿ ಊರಿನ ರಜೆಯಿಡೀ ಇಬ್ಬರೂ ನೇಮಕ್ಕೆ ಹೋದರು, ಮಲ್ಪೆ ಕಡಲ ತೀರಕ್ಕೆ ಹದಿನಾಲ್ಕು ಮಂದಿ ಬಂಧುಗಳೊಡನೆ ಹೋದರು, ಹಪ್ಪಳ ಒಣಗಿಸಿದರು. ಕೈಗೆ ಕೈ ತಾಗಿದ್ದು ಒಮ್ಮೆ, ಅದೂ ಹಲಸಿನ ಮೇಣ ತೆಗೆಯಲು ತೆಂಗಿನೆಣ್ಣೆ ಕೊಡುವಾಗ. ಆ ವಾಕ್ಯದ ಮೇಲೆ ಅಕ್ಕ ಎರಡು ಸಲ ಗೀಟು ಹೊಡೆದು, ಮತ್ತೆ ಬರೆದಿದ್ದರು.

ಕೊನೆಯ ಅಧ್ಯಾಯಕ್ಕೆ ರೈಲ್ವೆಯೇ ಪೇಚಿಗೆ ಸಿಕ್ಕಿಸಿತು. ರಜೆ ಮುಗಿಯುವ ಹೊತ್ತಿನ ಟಿಕೇಟು ಯಾರಿಗೆ ಸಿಗುತ್ತದೆ? ವಾಸ್ತವಕ್ಕೆ ನಿಷ್ಠರಾದ ಅಕ್ಕ ಇಬ್ಬರಿಗೂ ಆರ್‌ಎಸಿ ಕೊಟ್ಟರು. ಒಂದೇ ಸೈಡ್ ಲೋವರ್ ಬರ್ತಿನಲ್ಲಿ ಉಡುಪಿಯಿಂದ ಪನ್ವೆಲ್‌ವರೆಗೆ, ರಾತ್ರಿಯಿಡೀ, ಇಬ್ಬರೇ!

“ಅಕ್ಕ, ಅತ್ತೆಯವರು…” ಎಂದೆ.

“ಸರ್ಕಾರವೇ ಕೂರ್ಸಿದ್ದಲ್ವಾ? ನಡುವಲ್ಲಿ ಒಂದು ಹಲಸಿನ ಹಣ್ಣು ಇಟ್ಟಿದ್ದೇನೆ.”

ಆದರೂ ಮನಸ್ಸು ತಡೆಯಲಿಲ್ಲ. ಮರುವಾರ ತಿದ್ದಿದ ಪ್ರತಿ ಬಂತು. ನಾಯಕ ಗಂಟಲು ಸರಿಮಾಡಿಕೊಂಡು “ನಾನು ಒಂದು ಮಾತು ಕೇಳಬೇಕೆಂದಿದ್ದೆ” ಎನ್ನುವಷ್ಟರಲ್ಲಿ ಕುಮಟಾದಲ್ಲಿ ಟಿಸಿ ಬರುತ್ತಾನೆ, ಎಸ್-5ರಲ್ಲಿ ಬರ್ತ್ ಖಾಲಿಯಾಗಿದೆ ಎನ್ನುತ್ತಾನೆ. ನಾಯಕ ಬ್ಯಾಗೆತ್ತಿಕೊಂಡು ಹೊರಡುತ್ತಾನೆ.

“ಎಂಟು ವರ್ಷ ಕಾಯಿಸಿ ಹೀಗಾ? ಮತ್ತೆ ಇವರು ಒಂದಾಗುವುದು ಯಾವಾಗ?”

ಅಕ್ಕ ಆಗಲೇ ಹೊಸ ಬಿಲ್ ಪುಸ್ತಕ ಬಿಡಿಸಿದ್ದರು. “ಚೌತಿಗೆ ರಜೆ ಉಂಟಲ್ಲ ಮಾಷ್ಟ್ರೆ! ಅರುವತ್ತು ದಿನ ಮೊದ್ಲೇ ಬುಕ್ ಮಾಡಿದ್ರೆ ಆಯ್ತು. ಈ ಸಲ ಇಬ್ರಿಗೂ ಕನ್ಫರ್ಮ್ ಕೊಡ್ತೇನೆ. ಬೇರೆ ಬೇರೆ ಬೋಗಿಯಲ್ಲಿ.”