ಗೃಹಚಿತ್ರಮಂದಿರ ಮೀಮಾಂಸೆ: ಪ್ರಥಮಾಧ್ಯಾಯ, ಸಭಾಷ್ಯ

ಸೂತ್ರ 1: ಬೋನಸ್ಸಿನ ಅನಂತರ ಜಿಜ್ಞಾಸೆ.

ಹೋಮ್ ಥಿಯೇಟರಿನ ಆಸೆ ಯಾವಾಗ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಸೂತ್ರಕಾರರ ಉತ್ತರವಿದು. ‘ದೊಡ್ಡ ಟಿ.ವಿ. ಬಂದ ಮರುವಾರ’ ಎಂಬ ಪಾಠಾಂತರವೂ ಉಂಟು. ಟಿ.ವಿ. ತೆಳ್ಳಗಾದಷ್ಟೂ ಅದರ ಸ್ಪೀಕರಿಗೆ ಮುಂಭಾಗದಲ್ಲಿ ಜಾಗ ತಪ್ಪಿ, ಅದು ಗೋಡೆಯ ಜೊತೆ ಮಾತಾಡತೊಡಗಿತು. ಆದ್ದರಿಂದ ಎರಡೂ ಪಾಠಗಳು ಸಾಧು.

ಸೂತ್ರ 2: ಮತಗಳು ನಾಲ್ಕು; ಐದನೆಯದು ಸೂರು ಕೊರೆಯುತ್ತದೆ.

ಸೌಂಡ್‌ಬಾರ್ ಒಂದೇ ಸತ್ಯ, ಸುತ್ತಲಿಂದ ಕೇಳಿಸಿದಂತಾಗುವುದೆಲ್ಲ ಮಾಯೆ ಎನ್ನುವವರು ಅದ್ವೈತಿಗಳು. ಎಡಬಲಗಳ ಭೇದ ನಿತ್ಯವೆಂದು ಎರಡು ಸ್ಟೀರಿಯೊ ಸ್ಪೀಕರ್ ಇಟ್ಟವರು ದ್ವೈತಿಗಳು. ಬಾರ್ ಒಂದೇ ನಿಜ, ಆದರೆ ಸಬ್‌ವೂಫರ್ ಅದರ ಶರೀರ ಎನ್ನುವವರು ವಿಶಿಷ್ಟಾದ್ವೈತಿಗಳು. 5.1 ಎಂಬ ಆರು ಪೆಟ್ಟಿಗೆಗಳ ಉಪಾಸಕರು ಷಣ್ಮತಸ್ಥರು. 2012ರಲ್ಲಿ ಹುಟ್ಟಿದ ಡಾಲ್ಬಿ ಅಟ್ಮಾಸ್ ಪಂಥದವರು ನಾದ ಮೇಲಿನಿಂದಲೂ ಇಳಿಯಬೇಕೆನ್ನುತ್ತಾರೆ. ಇದಕ್ಕೆ ಬಾಡಿಗೆ ಮನೆಯ ಮಾಲೀಕರ ಸಮ್ಮತಿಯಿಲ್ಲ.

‘.1’ ಎಂದರೆ ಸ್ಪೀಕರಿನ ಹತ್ತನೇ ಒಂದು ಭಾಗವೆಂಬುದು ಪೂರ್ವಪಕ್ಷ. ಅಲ್ಲ. ಅದು 120 ಹರ್ಟ್ಸ್‌ವರೆಗಿನ ಗುಡುಗಿಗೆಂದೇ ಮೀಸಲಾದ ಚಾನೆಲ್. ಹೆಸರಿನಲ್ಲಿ ದಶಮಾಂಶ, ಗಾತ್ರದಲ್ಲಿ ಅಜ್ಜಿ ಕೂರುವ ಸ್ಟೂಲಿನಷ್ಟು.

ಸೂತ್ರ 3: ಡಬ್ಬದ ಮೇಲಿನ ವ್ಯಾಟ್ ಅರ್ಥವಾದ.

ವಿಧಿಯಲ್ಲದ ಬರೀ ಹೊಗಳಿಕೆಯನ್ನು ಮೀಮಾಂಸಕರು ಅರ್ಥವಾದ ಎನ್ನುತ್ತಾರೆ. ಡಬ್ಬದ ಮೇಲೆ ‘5000 ವ್ಯಾಟ್ ಪಿಎಂಪಿಒ’ ಎಂಬ ಶಾಸನ ದೊರೆತಿದೆ ಎನ್ನೋಣ. ಮನೆಯ ಮಾಮೂಲಿ ಪ್ಲಗ್ 6 ಆಂಪಿಯರಿನದು, ವಿದ್ಯುತ್ತು 230 ವೋಲ್ಟಿನದು. ಗುಣಿಸಿದರೆ 1380 ವ್ಯಾಟ್. ಮಿಕ್ಕ 3620 ವ್ಯಾಟ್ ಎಲ್ಲಿಂದ ಬಂತು ಎಂದು ಕೇಳಿದಾಗ ಅಂಗಡಿಯವರು ಸ್ಕ್ರೀನ್‌ಗಾರ್ಡ್ ಬೇಕೇ ಎಂದು ವಿಚಾರಿಸುತ್ತಾರೆ. ಆದ್ದರಿಂದ ಸತತವಾಗಿ ಹೊರಡುವ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯೊಂದೇ ಗ್ರಾಹ್ಯ. ಅದರಲ್ಲೂ 50ರ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಬೆಲೆ ಇಮ್ಮಡಿಯಾಗಲು ಇಷ್ಟು ಕಷ್ಟವಿಲ್ಲ.

ಸೂತ್ರ 4: ಪ್ರತ್ಯಕ್ಷವೂ ಭ್ರಾಂತಿಯೇ, ಶೋರೂಮಿನಲ್ಲಿ.

ಅಲ್ಲಿ ಕಾರ್ಪೆಟ್ಟು, ದಪ್ಪ ಪರದೆ, ಹೆಲಿಕಾಪ್ಟರ್ ಹಾರುವ ಒಂದೇ ದೃಶ್ಯ. ಇಲ್ಲಿ ವಿಟ್ರಿಫೈಡ್ ಟೈಲ್ಸ್, ಗಾಜಿನ ಕಿಟಕಿ, ಬೋಳು ಗೋಡೆ. ಅದೇ ಹೆಲಿಕಾಪ್ಟರ್ ಮನೆಯಲ್ಲಿ ನಾಲ್ಕು ಗೋಡೆಗೂ ಬಡಿದು ನಾಲ್ಕಾಗುತ್ತದೆ. ಜಮಖಾನ ಹಾಸಿದರೆ ಚೀತ್ಕಾರ ತಗ್ಗುತ್ತದೆ, ಗುಡುಗು ಜಗ್ಗದು: 40 ಹರ್ಟ್ಸ್ ಅಲೆಯ ಉದ್ದ ಸುಮಾರು 28 ಅಡಿ, ಹಾಲ್ 12 ಅಡಿ. ಮಿಕ್ಕ 16 ಅಡಿ ಕೆಳಗಿನ ಮನೆಯವರಿಗೆ ಸಲ್ಲುತ್ತದೆಂದು ಭಾಷ್ಯಕಾರರು. ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ 45 ಡೆಸಿಬೆಲ್ ಮಿತಿಯೆಂದು 2000ದ ಶಬ್ದಮಾಲಿನ್ಯ ನಿಯಮಗಳು ಸಾರುತ್ತವೆ. ಕೆಳಗಿನ ಮನೆಯವರಿಗೆ ಈ ಗ್ರಂಥ ಕಂಠಪಾಠ.

ಸೂತ್ರ 5: 110 ಡಿಗ್ರಿಯಲ್ಲಿ ಫ್ರಿಜ್ ಇದೆ.

ಕುಳಿತವರ ನೇರಕ್ಕೆ ನಡುವಿನ ಸ್ಪೀಕರ್, ಎಡಬಲಕ್ಕೆ 30 ಡಿಗ್ರಿಯಲ್ಲಿ ಒಂದೊಂದು, 110ರ ಸುಮಾರಿಗೆ, ಅಂದರೆ ಕಿವಿಯಿಂದ ತುಸು ಹಿಂದೆ, ಸರೌಂಡ್ ಎರಡು: ಇದು ವಿಧಿ. ಆದರೆ ಸೋಫಾ ಗೋಡೆಗೆ ಅಂಟಿದೆ. ‘ಹಿಂದೆ’ ಎಂಬ ದಿಕ್ಕೇ ಆ ಮನೆಯಲ್ಲಿಲ್ಲ. ಎಡಕ್ಕೆ ಫ್ರಿಜ್, ಬಲಕ್ಕೆ ದೇವರ ಮನೆಯ ಬಾಗಿಲು. ಸಿನಿಮಾದ ಮಾತುಗಳಲ್ಲಿ ಬಹುಪಾಲು ಹೊರಡುವ ನಡುವಿನ ಸ್ಪೀಕರಂತೂ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಹಿಂದೆ ಅಜ್ಞಾತವಾಸದಲ್ಲಿದೆ. ಹೀಗಾಗಿ ಬಾಂಬು ಸ್ಪಷ್ಟ, ಸಂಭಾಷಣೆ ಅಸ್ಪಷ್ಟ.

ಸಿದ್ಧಾಂತ: ಕೋಣೆ ಮೊದಲು, ಮಾತು ಆಮೇಲೆ, ಗುಡುಗು ಕೊನೆಗೆ. ಟೇಪು ಹಿಡಿದು ಹಾಲ್ ಅಳೆಯತಕ್ಕದ್ದು. ಸೋಫಾವನ್ನು ಗೋಡೆಯಿಂದ ಎರಡಡಿ ಮುಂದೆ ತರತಕ್ಕದ್ದು. 5.1ಕ್ಕೆ ಆಗುವ, ಟಿ.ವಿ.ಯ ಸದ್ದನ್ನು ಒಂದೇ ತಂತಿಯಲ್ಲಿ ತರಿಸಿಕೊಳ್ಳುವ ಎಚ್‌ಡಿಎಂಐ ಆರ್ಕ್ ಇರುವ ರಿಸೀವರ್ ಕೊಂಡು, ಮುಂದಿನ ಮೂರು ಸ್ಪೀಕರಿಗೆ ಹಣದ ದೊಡ್ಡ ಪಾಲು ಇಡತಕ್ಕದ್ದು. ಉಳಿದದ್ದು ಮುಂದಿನ ಬೋನಸ್ಸಿಗೆ.

ಫಲಶ್ರುತಿ: ಅಂಗಡಿಗೆ ಹೋಗುವ ಮುನ್ನ ಇದನ್ನು ಓದಿದವರಿಗೆ ಧನಲಾಭ. ಹೋಗಿಬಂದ ಮೇಲೆ ಓದಿದವರಿಗೆ ವೈರಾಗ್ಯ. ಮೇಲಿನ ಮನೆಯವರಿಗೆ ಪ್ರತಿ ಮಾಡಿಸಿ ಕೊಟ್ಟವರಿಗೆ ನಿದ್ರಾಪ್ರಾಪ್ತಿ.