ಏಳಿಸಿದ ಸೀಟಿನ ಅಹವಾಲು: ಒಂದು ಕಾಲ್ಪನಿಕ ಸಂದರ್ಶನ

ಮೈಸೂರು ರಾಜ್ಯದ 1962ರ ರಾಜಕೀಯದ ಮಾತು ಬಂದಾಗ ಎಲ್ಲರೂ ಇಬ್ಬರನ್ನು ನೆನೆಯುತ್ತಾರೆ: ಮುಖ್ಯಮಂತ್ರಿ ಕುರ್ಚಿ ಬಿಟ್ಟುಕೊಟ್ಟ ಎಸ್.ಆರ್. ಕಂಠಿ, ಅದನ್ನೇರಿದ ಎಸ್. ನಿಜಲಿಂಗಪ್ಪ. ನಡುವೆ ನಡೆದ ಉಪಚುನಾವಣೆಗೆ ಜಾಗ ಒದಗಿಸಿದ ಬಾಗಲಕೋಟೆ ವಿಧಾನಸಭಾ ಸೀಟನ್ನು ಮಾತ್ರ ಯಾರೂ ಮಾತಾಡಿಸಿದಂತಿಲ್ಲ. ಹೋಗಿ ಕಂಡೆವು. ಮಾತುಗಾರ ಸೀಟು, ಬೆಂಗಳೂರಿನವರೆಂದರೆ ಕೊಂಚ ಗುಮಾನಿ.

ನಮಸ್ಕಾರ. ಆಗ ನೀವು ಖಾಲಿ ಇದ್ದಿರಾ?

ಖಾಲಿ ಎಲ್ಲೀದ್ರೀ! ಫೆಬ್ರವರಿ ಚುನಾವಣಿ ಮುಗದು ಬಸಪ್ಪ ತಮ್ಮಣ್ಣ ಮುರನಾಳ ಅವ್ರು ಕುಂತಿದ್ರು. 1957ರಾಗೂ ಅವರ. ಇನ್ನೂ ಬೆಚ್ಚಗ ಆಗಿದ್ದಿಲ್ಲ, ಏಳ್ರಿ ಅಂದ್ರು, ಎದ್ರು. ಉಪಚುನಾವಣಿ ಅಂದ್ರ ಹೆಚ್ಚಾಗಿ ಯಾರರ ಸತ್ತಿರತಾರ. ಇಲ್ಲಿ ಸತ್ತವ್ರು ಯಾರೂ ಇದ್ದಿಲ್ಲ, ಸೋತವ್ರೊಬ್ರಿದ್ರು.

ನಿಜಲಿಂಗಪ್ಪನವರು ಸೋತದ್ದು ಹೊಸದುರ್ಗದಲ್ಲಿ ಅಲ್ಲವೇ?

ಹೌದ್ರಿ. ಪ್ರಜಾ ಸೋಷಲಿಸ್ಟ್ ಪಾರ್ಟಿಯ ಜಿ.ಟಿ. ರಂಗಪ್ಪನವರು ಸೋಲಿಸಿದ್ರು. 208ರಾಗ 138 ಗೆದ್ದ ಕಾಂಗ್ರೆಸ್ಸಿನಾಗ ನಿಜಲಿಂಗಪ್ಪನವರ ಇಲ್ಲ! ಬೀಗರೆಲ್ಲಾ ಹಂದರದಾಗ ಬಂದು ಕುಂತಾರ, ಮದುಮಗಗ ಬಸ್ ತಪ್ಪೈತಿ.

ಶಾಸಕರಾಗದೆಯೂ ಆರು ತಿಂಗಳು ಮುಖ್ಯಮಂತ್ರಿಯಾಗಿರಲು ಸಂವಿಧಾನದಲ್ಲೇ ಅವಕಾಶವಿದೆಯಲ್ಲ?

164ನೇ ಕಲಂ ನನಗೂ ಗೊತ್ತೈತ್ರಿ, ಓದಿದ ಸೀಟು ನಾನು. ಆದ್ರ ಮೊನ್ನೆ ಸೋತವ್ರು ಇವತ್ತ ಪ್ರಮಾಣ ತಗೊಂಡ್ರ ಚೊಲೋ ಕಾಣಂಗಿಲ್ಲ ಅನ್ನೂ ಲಜ್ಜಿ ಆಗಿನ ಮಂದಿಗೆ ಇತ್ತು ಅಂತ ನಾ ತಿಳಕೊಂಡೀನಿ. ಹುನಗುಂದದ ಕಂಠಿಯವರನ್ನ ಕುಂಡ್ರಿಸಿದ್ರು. ಅವ್ರು ಸ್ಪೀಕರ್ ಆಗಿದ್ದವ್ರು. ಬ್ಯಾರೇದವರಿಗೆ ‘ಕುಂಡ್ರಿ’ ಅನ್ನೂದು ಅವರ ರೂಢಿ. ಮಾರ್ಚಿನಾಗ ತಾವು ಕುಂತ್ರು, ಜೂನಿನಾಗ ಎದ್ರು.

ಅದಕ್ಕೇ ಅವರನ್ನು ಭರತ ಅನ್ನುತ್ತಾರೆ.

ಅನ್ಲಿ, ಒಪ್ಪೂ ಮಾತದು. ಇವತ್ತ ಕುಂತವ್ರನ್ನ ಎಬ್ಬಸಬೇಕಂದ್ರ ಮೊದಲ ರೆಸಾರ್ಟ್ ಬುಕ್ ಮಾಡಬೇಕು. ಕಂಠಿಯವರು ಎದ್ದು ಬಂದು ಅದ ಸರ್ಕಾರದಾಗ ಶಿಕ್ಷಣ ಮಂತ್ರಿ ಆದ್ರು, ವಿಜಾಪುರಕ್ಕ ಸೈನಿಕ ಶಾಲಿ ತಂದ್ರು. ಆದ್ರ ಈ ರಾಮಾಯಣದಾಗ ನಾ ಯಾರು, ಹೇಳ್ರಿ ನೋಡೂಣು? ಗುಹನ ದೋಣಿ! ದಾಟಿದ ಮ್ಯಾಲ ದೋಣಿ ಯಾರಿಗೆ ಬೇಕು? 1967ಕ್ಕ ನಿಜಲಿಂಗಪ್ಪ ಸಾಹೇಬರು ಶಿಗ್ಗಾಂವಿಗೆ ಹೋದ್ರು. ಅಲ್ಲಿ ಅವಿರೋಧ ಆಯ್ಕಿ.

ಆದರೂ ನಿಮ್ಮ ಭಾಗಕ್ಕೆ ಹೆಮ್ಮೆಯಲ್ಲವೇ?

ಹೆಮ್ಮಿಗೇನ್ ಕಮ್ಮಿ! ಲೆಕ್ಕಾ ಹಾಕ್ರಿ. ಆ ಒಂದು ವರ್ಷದಾಗ ಮೂರು ಮಂದಿ ಮುಖ್ಯಮಂತ್ರಿ: ಜಮಖಂಡಿಯ ಬಿ.ಡಿ. ಜತ್ತಿ, ಹುನಗುಂದದ ಕಂಠಿ, ನನ್ನ ಮ್ಯಾಲ ಕುಂತ ನಿಜಲಿಂಗಪ್ಪ. ಮೂರೂ ಕ್ಷೇತ್ರ ಆಗಿನ ವಿಜಾಪುರ ಜಿಲ್ಲಾದಾಗಿದ್ವು, ಈಗಿನ ಬಾಗಲಕೋಟಿ ಜಿಲ್ಲಾದಾಗ ಅದಾವು. ನಿಮ್ಮ ಬೆಂಗಳೂರಿಗೆ ಆಗಿತ್ತೇನ್ರಿ ಈ ಭಾಗ್ಯ?

ಮತ್ತೆ ಅಭಿವೃದ್ಧಿ?

ಬಂತಲ್ರೀ, ನೀರು! 1964ರ ಮೇದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದ್ರು. ಹೊಲಕ್ಕ ನೀರು ಬರತೈತಿ ಅಂತ ಕಾದ್ವಿ, ಮನಿಯೊಳಗ ಬಂತು. ಹಳೇ ಪ್ಯಾಟ್ಯಾಗಿನ ಓಣಿಗೆ ಓಣಿ ಹಿನ್ನೀರಿಗೆ ಹೋದ್ವು. ಅಜ್ಜನ ಹೆಸರಿನ ಓಣ್ಯಾಗ ಇದ್ದವ್ರು ಸೆಕ್ಟರ್ ನಂಬರ್ ಹಿಡಕೊಂಡು ನವನಗರಕ್ಕ ನಡದ್ರು. ನೀರಿನ ಮಟ್ಟ 519.6 ಮೀಟರಿಗೆ ಇಷ್ಟಾತು. 524 ಅಂತ ಇನ್ನೊಂದು ಅಳತಿ ಬಾಗಿಲಾಗ ನಿಂತೈತಿ. ಮುರನಾಳ ಅವ್ರು ಒಬ್ರ ಎದ್ರು ಅಂದ್ನಲ್ಲ, ಆಮ್ಯಾಲ ಇಲ್ಲಿ ಊರಿಗೆ ಊರ ಎದ್ದೈತಿ. ಅವರನ್ನ ಯಾವ ಪುರಾಣದ ಹೆಸರಿಲೆ ಕರೀತೀರಿ?

ನಾಳೆ ಇನ್ನೊಬ್ಬ ಸೋತ ನಾಯಕರಿಗೆ ಬೇಕೆಂದರೆ ಬಿಟ್ಟುಕೊಡುತ್ತೀರಾ?

ಬಿಡಾಂವ ನಾನೇನ್ರೀ? ಬೇಕಾದವ್ರು ನನ್ನ ಮ್ಯಾಲ ಕುಂತವ್ರನ್ನ ಕೇಳತಾರ, ಕುಂತವ್ರು ಪಾರ್ಟಿ ಮುಖ ನೋಡತಾರ. ಓಟ್ ಹಾಕಿದವ್ರಿಗೆ ಮರುದಿನ ಪೇಪರಿನಾಗ ತಿಳೀತೈತಿ. ನನ್ನ ಬಂದು ಕೇಳಿದವ್ರಂದ್ರ ನೀವ ಮೊದಲು. ಅದೂ ಕಾಲ್ಪನಿಕ ಅಂತ ಮ್ಯಾಲ ಬರಕೊಂಡ ಬಂದೀರಿ.